ಪಂಕ್ತಿಯಲ್ಲಿ ಕಡೆಯವರು

ಹೊಳೆದಂಡೆಯ ಆಶ್ರಮದಲ್ಲಿ ಒಂದು ನೇಮವಿತ್ತು. ಪಂಕ್ತಿಯಲ್ಲಿ ಎಲ್ಲರ ಊಟ ಮುಗಿಯುವವರೆಗೆ ಯಾರೂ ಏಳುವಂತಿಲ್ಲ.

ಬಡಿಸುವ ಕೆಲಸ ಶಿಷ್ಯೆ ಮಾದೇವಿಯದು. ಅವಳ ತಂಗಿ ರಾಚಮ್ಮ ದಪ್ಪಗಾದೇನೆಂಬ ಹೆದರಿಕೆಯಲ್ಲಿ ಒಂದು ವರ್ಷದಿಂದ ಊಟ ಕಡಿಮೆ ಮಾಡುತ್ತಾ ಬಂದಿದ್ದಳು. ಜನ ಅದನ್ನು ವ್ರತವೆಂದು ಹೊಗಳಿದ್ದರು. ಅವಳು ಬಾವಿಕಟ್ಟೆಯ ಬಳಿ ಕುಸಿದುಬಿದ್ದ ದಿನ ವೈದ್ಯರು ಬಂದರು.

"ಇದು ವ್ರತವಲ್ಲ, ಕಾಯಿಲೆ. ಹೊತ್ತುಹೊತ್ತಿಗೆ ಉಣ್ಣದಿದ್ದರೆ ಉಳಿಯೋದಿಲ್ಲ."

ಅಂದಿನಿಂದ ಮಾದೇವಿ ತಂಗಿಯ ಎಲೆಯ ಮುಂದೆಯೇ ನಿಲ್ಲತೊಡಗಿದಳು.

"ಇನ್ನೊಂದು ತುತ್ತು. ನನಗೋಸ್ಕರ."

"ಪಿಂಡದ ಮುಂದೆ ಕಾಗೆ ನಿಂತ ಹಾಗೆ ನಿಂತಿದ್ದೀಯಲ್ಲ ಅಕ್ಕಾ."

ಉಳಿದವರು ಉಂಡು, ಒಣಗಿದ ಕೈ ಹಿಡಿದುಕೊಂಡು ರಾಚಮ್ಮನನ್ನೇ ನೋಡುತ್ತಿದ್ದರು. ಅವಳು ಎಲೆ ಮಡಿಚಿಬಿಡುತ್ತಿದ್ದಳು.

ಮಾದೇವಿ ಆಶ್ರಮದ ಹಿರಿಯರಾದ ಗುರುತಾಯಿಯ ಬಳಿ ಹೋದಳು.

"ಅಮ್ಮಾ, ಗದರಿದೆ, ಕಾಲು ಹಿಡಿದೆ, ಆಣೆ ಹಾಕಿದೆ. ನೀವೊಂದು ಮಾತು ಹೇಳಿ."

"ನಾಳೆ ಅವಳ ಪಕ್ಕ ನನಗೆ ಎಲೆ ಹಾಕು."

ಮರುದಿನ ಗುರುತಾಯಿ ರಾಚಮ್ಮನ ಪಕ್ಕ ಕೂತರು. ಊಟದ ಮಾತೆತ್ತಲಿಲ್ಲ. ಹಸು ತಮ್ಮ ಸೀರೆಯ ಸೆರಗು ಮೇದ ಕಥೆ ಹೇಳಿದರು. ಒಂದು ತುತ್ತು, ಒಂದಿಷ್ಟು ಮಾತು. ಮತ್ತೊಂದು ತುತ್ತು.

ಎಲ್ಲರೂ ಮುಗಿಸಿದರು. ಈಗ ಎಲ್ಲರ ಕಣ್ಣು ಗುರುತಾಯಿಯ ಎಲೆಯ ಮೇಲೆ.

"ಹಲ್ಲಿಲ್ಲದ ಮುದುಕಿ ನಾನು. ಕೂತಿರಿ," ಎಂದರು.

ರಾಚಮ್ಮ ಅಳುತ್ತಲೇ ಉಂಡಳು. ಅವಳು ಕಡೆಯ ತುತ್ತು ನುಂಗಿದ ಮೇಲೆ ಗುರುತಾಯಿ ತಮ್ಮದನ್ನು ಮುಗಿಸಿದರು.

ಹನ್ನೊಂದು ದಿನ ಹೀಗೇ ನಡೆಯಿತು. ಹನ್ನೆರಡನೆಯ ದಿನ ರಾಚಮ್ಮ ಎಲೆಯನ್ನು ತಳ್ಳಿದಳು.

"ನನ್ನಿಂದ ಆಗಲ್ಲ. ಬಿಟ್ಟುಬಿಡಿ."

ಗುರುತಾಯಿ ಎಲೆಯನ್ನು ಮತ್ತೆ ಅವಳ ಮುಂದಕ್ಕೆ ಸರಿಸಿದರು. "ಆಗದಿದ್ದರೆ ಕೂತಿರು. ನಾನೂ ಕೂತಿರ್ತೀನಿ."

ಅಂದು ರಾಚಮ್ಮ ಎರಡೇ ತುತ್ತು ಉಂಡಳು.

ಎಲೆ ಎತ್ತುವಾಗ ಮಾದೇವಿಗೆ ತಡೆಯಲಾಗಲಿಲ್ಲ. "ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು ಅಮ್ಮಾ. ಇನ್ನೆಷ್ಟು ದಿನ ಇದು?"

"ವೈದ್ಯರು ಏನಂದರು?"

"ತಿಂಗಳುಗಟ್ಟಲೆ ಅಂದರು. ವರ್ಷವೂ ಆಗಬಹುದಂತೆ."

"ನಿನ್ನ ಊಟ ಆಯ್ತಾ?"

ಮಾದೇವಿ ತಲೆ ತಗ್ಗಿಸಿದಳು. "ಅವಳು ಹೀಗಿರುವಾಗ ನನಗೆ ಅನ್ನ ಹೇಗೆ ಇಳಿಯುತ್ತೆ? ನಾಲ್ಕು ದಿನದಿಂದ ಮಜ್ಜಿಗೆ ಕುಡಿದುಕೊಂಡಿದ್ದೀನಿ."

ಗುರುತಾಯಿ ಅವಳ ಕೈಯಿಂದ ಸೌಟು ತೆಗೆದುಕೊಂಡರು.

"ನಾಳೆಯಿಂದ ಬಡಿಸೋದು ನಾನು. ನೀನು ಅವಳ ಪಕ್ಕ ಕೂತು ಹೊಟ್ಟೆ ತುಂಬ ಉಣ್ಣು."

"ನಾನು ಉಣ್ತಾ ಇದ್ದೂ ಅವಳು ಉಣ್ಣದೆ ಹೋದರೆ?"

"ಮೂರು ಹೊತ್ತೂ ಅವಳಿಗೆ ಎಲೆ ಹಾಕ್ತೀನಿ. ಮೂರು ಹೊತ್ತೂ ನೀನು ಕೂರು."

"ಕೂತು ಏನು ಮಾಡಲಿ ಅಮ್ಮಾ?"

"ಅವಳಿಗಿಂತ ಮುಂಚೆ ಮುಗಿಸಬೇಡ."