ಮಡಚುವ ಫೋನು, ಅಕ್ಕನ ಕೈಗುಣ

"ಬುದ್ಧಿ, ವಸ್ತುವಿನಲ್ಲಿ ಒಂದು ಸಣ್ಣ ಐಬು ಇದೆ ಅಂತ ಗೊತ್ತಿದೆ. ಮೊದಲು ಹೊರಗೆ ಬಿಟ್ಟು, ಆಮೇಲೆ ಸರಿಮಾಡಿದರೆ ಆಗೋದಿಲ್ಲವೇ?"

ಮಠದ ಜಗುಲಿಯ ಮೇಲೆ ಕುಳಿತಿದ್ದ ಗುರುಗಳನ್ನು ಶಂಭುಲಿಂಗ ಹೀಗೆ ಕೇಳಿದ. ಅವನು ಬಹಳ ವರ್ಷಗಳಿಂದ ಅವರ ಶಿಷ್ಯ. ಫೋನು ತಯಾರಿಸುವ ಕಂಪನಿಯೊಂದರಲ್ಲಿ ತಪಾಸಣೆಯ ಕೆಲಸ ಅವನದು. ಪುಸ್ತಕದ ಹಾಗೆ ಮಡಚುವ ಹೊಸ ಫೋನೊಂದನ್ನು ಅವನ ಕಂಪನಿ ಸಿದ್ಧಪಡಿಸಿತ್ತು. ಮಡಿಕೆಯ ಜಾಗದಲ್ಲಿ ಸ್ಕ್ರೀನಿನ ಮೇಲಿನ ಪದರ ಕೆಲವು ದಿನಗಳಲ್ಲಿ ಮೇಲೇಳುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಸೋಮವಾರ ಎಲ್ಲರೂ ಸಭೆ ಸೇರಿದಾಗ ಅವನು 'ಆಗಬಹುದು' ಎಂದರೆ ಸಾಕು, ಫೋನು ಅಂಗಡಿಗಳಿಗೆ ಹೊರಡುತ್ತಿತ್ತು. 'ಆಗದು' ಎಂದರೆ ಅವನ ಕೆಲಸಕ್ಕೇ ಕುತ್ತು ಬರುವ ಹಾಗಿತ್ತು.

ಗುರುಗಳು ಅವನ ಕೈಯಲ್ಲಿದ್ದ ಫೋನನ್ನು ತೆಗೆದುಕೊಂಡರು. ಬಿಚ್ಚಿದರು, ಮಡಚಿದರು, ಮತ್ತೆ ಬಿಚ್ಚಿದರು.

"ಚೆನ್ನಾಗಿದೆಯಪ್ಪ. ಎಷ್ಟು ಸಲ ಮಡಚಿದರೂ ಏನೂ ಆಗೋದಿಲ್ಲವೋ?"

"ಲಕ್ಷ ಸಲ ಮಡಚಿ ನೋಡಿದ್ದಾರೆ ಬುದ್ಧಿ."

"ಯಾರು?"

"ಯಂತ್ರ."

"ಹಾಗಾದರೆ ಅದನ್ನು ಯಂತ್ರಕ್ಕೇ ಮಾರಿಬಿಡಿ" ಎಂದರು ಗುರುಗಳು.

ಶಂಭುಲಿಂಗ ನಕ್ಕ. ನಕ್ಕರೂ ಅವನಿಗೆ ಉತ್ತರ ಬೇಕಾಗಿತ್ತು. ಗುರುಗಳು ಫೋನನ್ನು ಅವನ ಕೈಗೆ ಹಿಂತಿರುಗಿಸಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನೂ ನಿಮ್ಮವರ ಹಾಗೆ ಫೋನು ಮಾಡಿಸಿ ಮಾರುತ್ತಿದ್ದ. ಅವನ ಹತ್ತಿರ ಒಬ್ಬ ಕಸುಬುದಾರನಿದ್ದ. ಫೋನಿನ ನಕ್ಷೆ ಬರೆಯುವುದು, ಕೀಲು ಕೂಡಿಸುವುದು ಎಲ್ಲ ಅವನದೇ ಕೆಲಸ. ಜಾಣ. ಕೆಟ್ಟವನಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕತೆ ಮುಂದೆ ಹೋದ ಹಾಗೆ ನಿನಗೆ ಅವನ ಮೇಲೆ ಸಿಟ್ಟು ಬರಬಹುದು. ಕೆಟ್ಟವನ ಕತೆಯಾಗಿದ್ದರೆ ನಿನಗೆ ಹೇಳುವ ಅಗತ್ಯವೇ ಇರಲಿಲ್ಲ.

ಕಸುಬುದಾರನಿಗೆ ಒಬ್ಬ ಅಕ್ಕ ಇದ್ದಳು. ತಂದೆತಾಯಿ ತೀರಿಹೋದ ಮೇಲೆ ಅವನನ್ನು ಸಾಕಿ ಓದಿಸಿದವಳು ಅವಳೇ. ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ತಮ್ಮನ ಓದು, ತಮ್ಮನ ಫೀಸು ಎನ್ನುವುದರಲ್ಲಿ ಅವಳ ಮದುವೆಯ ವಯಸ್ಸು ದಾಟಿಹೋಯಿತು. ಗಿರಣಿಯ ಹಿಂದಿನ ಮನೆಯಲ್ಲಿ ಇಬ್ಬರೂ ಇದ್ದರು.

ಮದುವೆಯಿಲ್ಲದೆ ಉಳಿದ ಹೆಂಗಸನ್ನು ಶುಭಕಾರ್ಯಕ್ಕೆ ಮುಂದೆ ಕರೆಯುವವರು ಕಡಿಮೆ. ನಮ್ಮ ಜನರ ಬುದ್ಧಿ ಹಾಗಿದೆ, ಏನು ಮಾಡುವುದು. ಆದರೆ ಈ ಅಕ್ಕನನ್ನು ಎಲ್ಲರೂ ಕರೆಯುತ್ತಿದ್ದರು. ಅವಳ ಕೈಗುಣ ಒಳ್ಳೆಯದು ಎಂಬ ಮಾತು ಆ ಬೀದಿಯಲ್ಲಿ ಬೇರೂರಿತ್ತು. ಯಾರಾದರೂ ಸ್ಕೂಟರು ಕೊಂಡರೆ, ಹೊಲಿಗೆ ಯಂತ್ರ ತಂದರೆ, ಕೊನೆಗೆ ಒಂದು ಮಿಕ್ಸಿ ತಂದರೂ ಮೊದಲ ಅರಿಶಿನ ಕುಂಕುಮವನ್ನು ಅವಳ ಕೈಯಿಂದಲೇ ಇಡಿಸುತ್ತಿದ್ದರು. ಅವಳು ಕುಂಕುಮವಿಟ್ಟ ವಸ್ತು ಬೇಗ ಕೆಡುವುದಿಲ್ಲ ಎಂದು ನಂಬಿದ್ದರು. ಅದು ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ. ಅವಳಿಗೆ ಮಾತ್ರ ಆ ಬೀದಿಯಲ್ಲಿ ಒಂದು ಜಾಗ ಸಿಕ್ಕಿದ್ದು ಅದರಿಂದ. ಅವಳು ತನ್ನದು ಎಂದು ಹೇಳಿಕೊಳ್ಳುತ್ತಿದ್ದದ್ದು ಎರಡೇ: ತಮ್ಮ, ಮತ್ತು ಕೈಗುಣ.

ಒಂದು ದಿನ ವರ್ತಕನ ಕಿವಿಗೆ ಒಂದು ಸುದ್ದಿ ಬಿತ್ತು. ಪಕ್ಕದ ಊರಿನ ಇನ್ನೊಬ್ಬ ವರ್ತಕ ದೀಪಾವಳಿಗೆ ಮಡಚುವ ಫೋನು ಬಿಡುತ್ತಾನಂತೆ. ಇವನಿಗೆ ಊಟ ರುಚಿಸಲಿಲ್ಲ. ಕಸುಬುದಾರನನ್ನು ಕರೆದು, ನಮ್ಮದು ಆಯುಧಪೂಜೆಗೇ ಬರಬೇಕು ಎಂದ. ಹಬ್ಬ ಹತ್ತಿರವಿತ್ತು. ಕಸುಬುದಾರ ಊಟ ನಿದ್ರೆ ಬಿಟ್ಟು ಫೋನು ಮಾಡಿದ.

ಫೋನು ನೋಡಲು ಚೆನ್ನಾಗಿತ್ತು. ಧೂಳಿಲ್ಲದ ಕೋಣೆಯಲ್ಲಿ, ಕೈಗವಸು ಹಾಕಿಕೊಂಡವರು ಅದನ್ನು ಯಂತ್ರಕ್ಕೆ ಸಿಕ್ಕಿಸಿದರು. ಯಂತ್ರ ಹಗಲೂ ರಾತ್ರಿ ಅದನ್ನು ಮಡಚಿತು, ಬಿಚ್ಚಿತು. ಫೋನು ಕೆಡಲಿಲ್ಲ. ಎಲ್ಲರೂ ಕೈಕುಲುಕಿದರು. ಆಮೇಲೆ ಕಸುಬುದಾರ ಒಬ್ಬನೇ ಕುಳಿತು ನೋಡುವಾಗ ಕೀಲಿನ ಎರಡೂ ತುದಿಯಲ್ಲಿ ಒಂದೊಂದು ಸಂದಿ ಕಾಣಿಸಿತು. ಎಳ್ಳುಕಾಳು ತೂರದಷ್ಟು ಸಣ್ಣ ಸಂದಿ. ಪುಡಿಯಾದರೆ ತೂರುತ್ತದೆ. ತೂರಿದ್ದು ಸ್ಕ್ರೀನಿನ ಕೆಳಗೆ ಹೋಗಿ ನಿಲ್ಲುತ್ತದೆ.

ಅವನು ವರ್ತಕನ ಬಳಿಗೆ ಹೋದ.

"ಯಜಮಾನ್ರೇ, ಕೀಲಿನ ತುದೀಲಿ ಸಂದಿ ಇದೆ. ಪುಡಿ ಗಿಡಿ ಒಳಗೆ ಹೋದ್ರೆ ಸ್ಕ್ರೀನು ಉಬ್ಬಿ ಹಾಳಾಗುತ್ತೆ. ಸಂಕ್ರಾಂತಿವರೆಗೆ ಟೈಮು ಕೊಡಿ, ಮುಚ್ಚಿಕೊಡ್ತೀನಿ."

"ಸಂಕ್ರಾಂತಿಗೆ ಎಳ್ಳುಬೆಲ್ಲ ಹಂಚ್ಕೊಂಡು ಕೂತಿರೋಣ್ವಾ? ಈಗ ಬಿಡೋಣ. ಮುಂದಿನ ಸಲದ್ದರಲ್ಲಿ ಮುಚ್ಚಿದ್ರಾಯ್ತು. ಅಲ್ಲಯ್ಯ, ಫೋನಿಗೆ ಯಾರಾದ್ರೂ ಪುಡಿ ಹಾಕ್ತಾರೇನು?"

ಕಸುಬುದಾರನಿಗೂ ಅದು ಸರಿ ಎನ್ನಿಸಿತು. ಫೋನಿಗೆ ಯಾರು ಪುಡಿ ಹಾಕುತ್ತಾರೆ? ನೋಡು, ವಸ್ತುವನ್ನು ಬಿಡುವುದು ಆಯುಧಪೂಜೆಗೆ. ಆ ದಿನ ನಮ್ಮ ಜನ ವಸ್ತುವಿಗೆ ಏನು ಮಾಡುತ್ತಾರೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಇಬ್ಬರೂ ಇದೇ ನಾಡಿನಲ್ಲಿ ಹುಟ್ಟಿ ಬೆಳೆದವರು. ಪ್ರತಿ ವರ್ಷ ಬೂದುಗುಂಬಳಕಾಯಿ ಒಡೆದವರು. ಅವಸರಕ್ಕೆ ಬಿದ್ದವನಿಗೆ ತನ್ನ ಮನೆಯೇ ಮರೆತುಹೋಗುತ್ತದೆ.

ಆದರೂ ಅವನ ಮನಸ್ಸು ಚುಚ್ಚುತ್ತಿತ್ತು. ಡಬ್ಬಿಯೊಳಗೆ ಇಡುವ ಹಾಳೆಯಲ್ಲಿ 'ಧೂಳಿನಿಂದ ದೂರವಿಡಿ' ಎಂದು ಒಂದು ಸಾಲು ಸೇರಿಸಿದ. ಓದಲು ಭೂತಗನ್ನಡಿ ಬೇಕು, ಅಷ್ಟು ಸಣ್ಣ ಅಕ್ಷರ. ಹೇಳುವುದನ್ನು ಹೇಳಿದ್ದೇನೆ ಎಂದುಕೊಂಡ. ಚುಚ್ಚುವುದು ನಿಂತಿತು.

ಹಬ್ಬಕ್ಕೆ ಫೋನು ಬಂತು. ತಮ್ಮ ಒಂದನ್ನು ಅಕ್ಕನಿಗೆ ತಂದುಕೊಟ್ಟ. ಅಕ್ಕ ಅದನ್ನು ಬೀದಿಗೆಲ್ಲ ತೋರಿಸಿ, ನಮ್ಮ ಹುಡುಗ ಮಾಡಿದ್ದು ಎಂದಳು. ಅವಳ ಮಾತಿನ ಮೇಲೆ ನಾಲ್ಕಾರು ಮನೆಯವರು ತಾವೂ ಕೊಂಡರು. ಕೊಂಡವರು ಪೂಜೆಯ ಬೆಳಿಗ್ಗೆ ಫೋನು ಹಿಡಿದು ಅವಳ ಗಿರಣಿಗೇ ಬಂದರು. ಹೊಸ ವಸ್ತು, ಮೊದಲ ಕುಂಕುಮ, ಇನ್ನೆಲ್ಲಿಗೆ ಹೋಗುತ್ತಾರೆ?

ತಮ್ಮ ಆ ಹೊತ್ತಿಗೆ ವರ್ತಕನ ಕಾರ್ಖಾನೆಯ ಪೂಜೆಯಲ್ಲಿದ್ದ. ಅಕ್ಕ ಗಿರಣಿಯ ಮುಂದೆ ಮಣೆ ಹಾಕಿ ಎಲ್ಲ ಫೋನುಗಳನ್ನು ಬಿಚ್ಚಿ ಸಾಲಾಗಿ ಇಟ್ಟಳು. ಬಾಗಿಲಿಗೆ ಹೊಸ್ತಿಲು ಹೇಗೋ ಈ ಫೋನಿಗೆ ಕೀಲು ಹಾಗೆ ಎಂದು ಅವಳ ಲೆಕ್ಕ. ಇಡೀ ವಸ್ತುವಿನ ಭಾರ ಅಲ್ಲಿರುತ್ತದೆ, ಹರಸುವುದಾದರೆ ಅಲ್ಲೇ ಹರಸಬೇಕು. ಕೀಲಿನ ಎರಡೂ ತುದಿಗೆ ಅರಿಶಿನ ಇಟ್ಟಳು, ಕುಂಕುಮ ಇಟ್ಟಳು, ಹೂವು ಇಟ್ಟಳು. ತಮ್ಮ ತನಗೆ ಕೊಟ್ಟ ಫೋನಿಗೆ ಒಂದು ಚಿಟಿಕೆ ಹೆಚ್ಚೇ ಇಟ್ಟಳು.

ಮರುದಿನ ಆ ಫೋನುಗಳೆಲ್ಲ ಉಬ್ಬಿದವು. ನಡುವೆ ಒಂದು ಕಪ್ಪು ಗೆರೆ ಬಂತು. ಸಂಜೆಗೆ ಸ್ಕ್ರೀನು ಪೂರ್ತಿ ಕಪ್ಪಾಯಿತು. ಬೇರೆ ಬೀದಿಗಳಲ್ಲೂ, ಬೇರೆ ಊರುಗಳಲ್ಲೂ ಹೀಗೇ ಆಯಿತು. ಆದರೆ ಬೇರೆ ಬೀದಿಯ ಸುದ್ದಿ ಈ ಬೀದಿಗೆ ಯಾಕೆ ಬೇಕು? ಇಲ್ಲಿ ಕೆಟ್ಟ ಫೋನುಗಳಿಗೆಲ್ಲ ಕುಂಕುಮವಿಟ್ಟದ್ದು ಒಂದೇ ಕೈ.

ವರ್ತಕ ತನ್ನ ಅಂಗಡಿಗಳಿಗೆಲ್ಲ ಹೇಳಿ ಕಳಿಸಿದ. ಫೋನಿನಲ್ಲಿ ಏನೂ ದೋಷವಿಲ್ಲ, ಅರಿಶಿನ ಕುಂಕುಮ ಹಾಕಿದ್ದು ಕೊಂಡವರ ತಪ್ಪು, ಧೂಳಿನಿಂದ ದೂರವಿಡಿ ಎಂದು ನಾವು ಹಾಳೆಯಲ್ಲೇ ತಿಳಿಸಿದ್ದೇವೆ. ಕೆಲಸದವರೆಲ್ಲ ಇದೇ ಮಾತು ಹೇಳಬೇಕು ಎಂದೂ ತಾಕೀತು ಮಾಡಿದ. ಕಸುಬುದಾರ ಸೇರಿಸಿದ್ದ ಆ ಸಣ್ಣ ಸಾಲು ವರ್ತಕನಿಗೆ ದೊಡ್ಡ ಆಸರೆಯಾಯಿತು.

ತಮ್ಮ ಮನೆಗೆ ಬಂದಾಗ ಅಕ್ಕ ಅವನು ಕೊಟ್ಟ ಫೋನನ್ನು ಸೆರಗಿನಲ್ಲಿ ಸುತ್ತಿ ಹಿಡಿದು ನಿಂತಿದ್ದಳು.

"ನೀನು ಅಷ್ಟು ಕಷ್ಟಪಟ್ಟು ಮಾಡಿದ್ದು. ನನ್ನ ಕೈಯಿಂದ ಕೆಟ್ಟೋಯ್ತೇನೋ?"

"ಹೋಗ್ಲಿ ಬಿಡಕ್ಕ. ನಿಂಗೆ ಗೊತ್ತಿರಲಿಲ್ಲ ಅಲ್ವಾ?"

ಇದನ್ನು ಹೇಳುವಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ ಶಂಭುಲಿಂಗ. ಅವನು ಬೈಯಲಿಲ್ಲ, ಸಿಡುಕಲಿಲ್ಲ. ಮೆತ್ತಗೆ ಹೇಳಿದ. ತಪ್ಪು ಮಾಡಿದವನು ತಪ್ಪಿಲ್ಲದವಳನ್ನು ಕ್ಷಮಿಸಿಬಿಟ್ಟ. ಅವಳು ಆ ಕ್ಷಮೆಯನ್ನು ತೆಗೆದುಕೊಂಡಳು. ಸಂದಿ ಇತ್ತು ಅಕ್ಕ, ನನಗೆ ಗೊತ್ತಿತ್ತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಹೇಳಬೇಕು ಎಂದುಕೊಂಡ. ಆದರೆ ಅಕ್ಕನಿಗೆ ಹೇಳಿದರೆ ಬೀದಿಗೆ ಗೊತ್ತಾಗುತ್ತದೆ, ಬೀದಿಗೆ ಗೊತ್ತಾದರೆ ವರ್ತಕನಿಗೆ ಗೊತ್ತಾಗುತ್ತದೆ. ಮುಂದಿನ ಸಲದ್ದರಲ್ಲಿ ಸಂದಿ ಮುಚ್ಚಿದ ಮೇಲೆ ಹೇಳಿದರಾಯಿತು ಎಂದು ಊಟಕ್ಕೆ ಕುಳಿತ. ಅಕ್ಕ ಬಡಿಸಿದಳು.

ಕೆಲವು ವಾರಗಳಾದ ಮೇಲೆ ಎದುರುಮನೆಯ ಹೆಂಗಸು ಹೊಸ ಹೊಲಿಗೆ ಯಂತ್ರ ತಂದಳು. ಅವಳಿಗೆ ಅಕ್ಕನ ಮೇಲೆ ಇನ್ನೂ ವಿಶ್ವಾಸವಿತ್ತು. ಕುಂಕುಮದ ಬಟ್ಟಲು ಹಿಡಿದು ಗಿರಣಿಯ ಬಾಗಿಲಿಗೆ ಬಂದು ಕರೆದಳು. ಅಕ್ಕ ಒಳಗಿನಿಂದಲೇ, ಬೇರೆ ಯಾರ ಕೈಯಿಂದಲಾದರೂ ಇಡಿಸಿಕೋ ತಾಯಿ, ನನ್ನ ಕೈ ಸರಿಯಿಲ್ಲ ಎಂದಳು. ಆಮೇಲೆ ಕರೆಯುವವರೂ ಕಡಿಮೆಯಾದರು. ಗೃಹಪ್ರವೇಶಕ್ಕೆ, ನಾಮಕರಣಕ್ಕೆ ಹೋದರೂ ಅವಳು ಹಿಂದಿನ ಸಾಲಿನಲ್ಲಿ ಕುಳಿತು, ಊಟ ಮಾಡಿ ಬರುತ್ತಿದ್ದಳು. ಮುಂದಿನ ಆಯುಧಪೂಜೆಯ ದಿನ ತನ್ನ ಗಿರಣಿಗೂ ಅವಳು ಪಕ್ಕದ ಮನೆಯವಳಿಂದ ಕುಂಕುಮ ಇಡಿಸಿದಳು. ತಮ್ಮ ಅಲ್ಲೇ ನಿಂತು ನೋಡಿದ.

ಅದೇ ಹಬ್ಬಕ್ಕೆ ವರ್ತಕನ ಎರಡನೆಯ ಫೋನು ಬಂತು. ಮಾತಿಗೆ ತಪ್ಪದೆ ಸಂದಿ ಮುಚ್ಚಿದ್ದರು. ಬಹಳ ಚೆನ್ನಾಗಿ ಮುಚ್ಚಿದ್ದರು. ಕುಂಕುಮವಲ್ಲ, ಗಿರಣಿಯ ಹಿಟ್ಟಿನಲ್ಲಿ ಹೂತಿಟ್ಟರೂ ಏನೂ ಆಗುತ್ತಿರಲಿಲ್ಲ. ಊರೆಲ್ಲ ಕಸುಬುದಾರನನ್ನು ಹೊಗಳಿತು. ವರ್ತಕ ಅವನಿಗೆ ಶಾಲು ಹೊದಿಸಿದ.

ಗುರುಗಳು ಕತೆ ನಿಲ್ಲಿಸಿದರು.

"ಆಮೇಲಾದರೂ ಅವನು ಅಕ್ಕನಿಗೆ ನಿಜ ಹೇಳಲಿಲ್ಲವೇ ಬುದ್ಧಿ?" ಎಂದು ಶಂಭುಲಿಂಗ ಕೇಳಿದ.

"ಹೇಳಿದ. ಅಕ್ಕ ನಂಬಲಿಲ್ಲ. ನನ್ನ ಸಮಾಧಾನಕ್ಕೆ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಳ್ಳುತ್ತಿದ್ದಾನೆ, ಎಷ್ಟು ಒಳ್ಳೆಯ ಹುಡುಗ ಎಂದುಕೊಂಡು ಅವನ ತಲೆ ಸವರಿದಳು."