ಒಂದು ಅಕ್ಕಿ ಕಾಳಿನಷ್ಟು

ಗಾಜು ಒರೆಸುವ ದಸ್ತಗೀರನ ವೈಪರಿನಲ್ಲಿ ಒಂದು ಹಿತ್ತಾಳೆ ಪಟ್ಟಿಯೂ ಅದರೊಳಗೆ ಸಿಕ್ಕಿಸಿದ ಒಂದು ರಬ್ಬರೂ ಇದ್ದವು. ರಬ್ಬರು ಪಟ್ಟಿಯ ಎರಡು ತುದಿಯಲ್ಲೂ ಒಂದು ಅಕ್ಕಿ ಕಾಳಿನಷ್ಟು ಹೊರಗೆ ಚಾಚಿಕೊಂಡಿತ್ತು. ಅದನ್ನು ಕಂಡರೆ ಪಟ್ಟಿಗೆ ಮೈಯೆಲ್ಲ ಉರಿಯುತ್ತಿತ್ತು.

"ನನ್ನ ಮನೆಯಲ್ಲಿದ್ದುಕೊಂಡು ನನಗಿಂತ ಮುಂದೆ ಬರುತ್ತೀಯಲ್ಲ, ನಿನಗೆ ಮರ್ಯಾದೆ ಗೊತ್ತಿಲ್ಲವೇ?" ಎಂದು ಅದು ಒಂದು ದಿನ ಕೇಳಿಯೇಬಿಟ್ಟಿತು.

"ದಸ್ತಗೀರಣ್ಣ ಹೀಗೇ ಕೂರಿಸಿದ್ದು, ಸ್ವಾಮಿ. ಏನೋ ಕಾರಣ ಇದ್ದೀತು," ಎಂದಿತು ರಬ್ಬರು.

"ಕಾರಣ ಗೀರಣ ಎಲ್ಲ ನನ್ನ ಹತ್ತಿರ ಬೇಡ!"

ಪಟ್ಟಿಯು ದಸ್ತಗೀರನ ಚೀಲದಲ್ಲಿದ್ದ ಬ್ಲೇಡನ್ನು ಕರೆಯಿತು. ಬ್ಲೇಡಿಗೆ ಕತ್ತರಿಸಲು ಏನಾದರೂ ಸಿಕ್ಕರೆ ಸಾಕು. ಏಕೆ ಎಂದು ಕೇಳುವ ಅಭ್ಯಾಸವೇ ಅದಕ್ಕಿರಲಿಲ್ಲ. ರಬ್ಬರಿನ ಎರಡೂ ತುದಿಗಳನ್ನು ಚಕಚಕನೆ ಕತ್ತರಿಸಿ ಪಟ್ಟಿಗೆ ಸಮ ಮಾಡಿಕೊಟ್ಟಿತು.

ಮರುದಿನ ಬೆಳಿಗ್ಗೆ ಒಡವೆ ಅಂಗಡಿಯ ದೊಡ್ಡ ಗಾಜು. ದಸ್ತಗೀರ ವೈಪರನ್ನು ಅಂಚಿಗೆ ಒತ್ತಿ ಕೆಳಗೆಳೆದ. ಪಟ್ಟಿಯ ಮೂಲೆ ಚೌಕಟ್ಟಿಗೆ ಕಿರ್ರನೆ ಉಜ್ಜಿ, ಮೂತಿಯೆಲ್ಲ ತರಚಿಹೋಯಿತು. ರಬ್ಬರಿಗೆ ಅಂಚು ಎಟುಕದೆ ಗಾಜಿನುದ್ದಕ್ಕೂ ನೀರಿನ ಗೆರೆ ಉಳಿಯಿತು.

"ಏನು ದಸ್ತಗೀರಣ್ಣ, ಅಂಚೆಲ್ಲ ಹಾಗೇ ಬಿಟ್ಟಿದ್ದೀರಲ್ಲ!" ಎಂದಳು ಅಂಗಡಿಯಾಕೆ.

ದಸ್ತಗೀರ ವೈಪರನ್ನು ತಿರುಗಿಸಿ ನೋಡಿದ. "ಹೊಸ ರಬ್ಬರು ಹಾಕಿ ನೋಡ್ತೀನಮ್ಮ. ಆಗಲೂ ಹೀಗೇ ಆದರೆ ಈ ಪಟ್ಟಿ ಗುಜರಿಗೇ ಸರಿ," ಎಂದ.

ಗುಜರಿ ಎಂಬ ಮಾತು ಪಟ್ಟಿಯ ಕಿವಿಗೆ ಬಿತ್ತು. ಹೊಸ ರಬ್ಬರು ಒಳಗೆ ಜಾರುತ್ತಾ ಬಂದು, ತುದಿಯಲ್ಲಿ ಸಂಕೋಚದಿಂದ ತಡೆದು ನಿಂತಿತು.

"ಅಯ್ಯೋ, ಅಲ್ಲೇಕೆ ನಿಂತಿರಿ?" ಎಂದಿತು ಪಟ್ಟಿ. "ಮುಂದೆ ಬನ್ನಿ ಸ್ವಾಮಿ, ಇನ್ನೊಂದು ಅಕ್ಕಿ ಕಾಳಿನಷ್ಟು ಮುಂದೆ ಬನ್ನಿ."