ಬಂಡೆಗೆ ಕಾವಲಿದ್ದ ನರಿ

ಒಂದು ಕಾಡಿನಲ್ಲಿ ಒಂದು ಬೋಳುಗುಡ್ಡವಿತ್ತು. ಗುಡ್ಡದ ನೆತ್ತಿಯಲ್ಲಿ ಆನೆಮರಿಯಷ್ಟು ದೊಡ್ಡ ಗುಂಡುಬಂಡೆ. ಇಳಿಜಾರಿನ ಅಂಚಿನಲ್ಲೇ ಇದ್ದರೂ ಅದು ಉರುಳಿರಲಿಲ್ಲ. ತೆಂಗಿನಕಾಯಿ ಗಾತ್ರದ ಒಂದು ಕಲ್ಲು ಅದರ ಬುಡಕ್ಕೆ ಅಡ್ಡ ಸಿಕ್ಕಿಕೊಂಡಿತ್ತು, ಅಷ್ಟೇ. ಗುಡ್ಡದ ಕೆಳಗಿನ ಪೊದೆಗಳಲ್ಲಿ ಮೊಲ, ಮುಳ್ಳುಹಂದಿ, ಗೌಜಲ ಹಕ್ಕಿ, ಅಳಿಲು ವಾಸವಾಗಿದ್ದವು. ಬಂಡೆಯನ್ನು ದಿನವೂ ನೋಡುತ್ತಿದ್ದರೂ ಯಾರೂ ಅದಕ್ಕೆ ಹೆದರಿರಲಿಲ್ಲ. ಹೆದರಿಸುವವರು ಇರಲಿಲ್ಲವಲ್ಲ!

ಆ ಕೊರತೆ ತುಂಬಲು ಒಂದು ನರಿ ಬಂತು.

ಅದು ಬಂಡೆಯ ಪಕ್ಕದಲ್ಲಿ ಕೂತು ಕೂಗಿ ಹೇಳಿತು, "ಕೇಳಿರಪ್ಪಾ! ಈ ಪುಟ್ಟ ಕಲ್ಲು ಜಾರಿದರೆ ಬಂಡೆ ನೆಟ್ಟಗೆ ನಿಮ್ಮ ತಲೆಯ ಮೇಲೆ. ನಾನು ಇಲ್ಲಿ ಕೂತು ಕಾಯುತ್ತೇನೆ. ದಿನಾ ನನ್ನ ಪಾಲು ತಂದಿಡಿ."

"ತರದಿದ್ದರೆ?" ಎಂದಿತು ಅಳಿಲು.

"ಕಾವಲುಗಾರನಿಗೂ ನಿದ್ದೆ ಬರುತ್ತದಪ್ಪ. ನಿದ್ದೆಯಲ್ಲಿ ಕಾಲು ಎಲ್ಲಿಗೆ ತಾಗುತ್ತದೋ ಯಾರಿಗೆ ಗೊತ್ತು?"

ಅಂದಿನಿಂದ ಎಲ್ಲರ ನೆಮ್ಮದಿ ಹಾಳಾಯಿತು. ಉಣ್ಣುವಾಗಲೂ ಒಂದು ಕಣ್ಣು ಗುಡ್ಡದ ಮೇಲೆ. ಎಲೆ ಸರಿದರೂ ಎದೆ ಡವಡವ. ಅಳಿಲು ಹಣ್ಣು ಹೊತ್ತಿತು, ಮುಳ್ಳುಹಂದಿ ಗೆಡ್ಡೆ ಅಗೆದು ಕೊಟ್ಟಿತು, ಗೌಜಲ ಹಕ್ಕಿ ಅಳುತ್ತಾ ತನ್ನ ಎರಡು ಮೊಟ್ಟೆ ಕೊಟ್ಟಿತು. ಆದರೆ ಬೆರಳು ಕೊಟ್ಟರೆ ಹಸ್ತ ನುಂಗುವವರು ಇರುತ್ತಾರಲ್ಲ, ನರಿ ಆ ಪೈಕಿ. ಹತ್ತನೆಯ ದಿನ ಅದು ತಾಯಿ ಮೊಲವನ್ನು ಕರೆಯಿತು.

"ಮೊಲವ್ವ, ನಿನಗೆ ನಾಲ್ಕು ಮರಿ ಹುಟ್ಟಿದವಂತೆ. ಒಂದನ್ನು ತಂದುಕೊಡು. ಮೂರು ದಿನ ಸಮಯ ಕೊಡುತ್ತೇನೆ."

ಮೊಲಕ್ಕೆ ದಿಕ್ಕೇ ತೋಚಲಿಲ್ಲ. ಊರು ಬಿಟ್ಟು ಹೋಗೋಣವೆಂದರೆ ಮರಿಗಳಿಗೆ ಇನ್ನೂ ನಡೆಯಲು ಬಾರದು. ಒಂದೊಂದನ್ನೇ ಬಾಯಲ್ಲಿ ಕಚ್ಚಿ ಸಾಗಿಸೋಣವೆಂದರೆ, ಬೋಳುಗುಡ್ಡದ ಮೇಲೆ ಕೂತ ನರಿಗೆ ಎಲ್ಲವೂ ಕಾಣುತ್ತದೆ. ಮೊಲ ಓಡಿ ಹೋಗಿ ಮುಳ್ಳುಹಂದಿ ಅಜ್ಜನ ಮುಂದೆ ಅತ್ತಿತು.

"ಅಜ್ಜಾ, ಯಾವ ಮರಿಯನ್ನು ಕೊಡಲಿ? ನೀನೇ ಹೇಳು!"

ಅಜ್ಜನಿಗೂ ಹೆದರಿಕೆಯೇ. ಆದರೂ ಹೇಳಿತು, "ಅಳಬೇಡ ಮಗಳೇ. ಉರುಳುವುದು ಹೇಗೆ ನಿಲ್ಲುತ್ತದೆ ಎಂದು ಮೊದಲು ನೋಡೋಣ."

ಅಜ್ಜ ಒಂದು ಬೇಲದ ಕಾಯಿಯನ್ನು ಸಣ್ಣ ದಿಬ್ಬದ ಮೇಲಿಂದ ಬಿಟ್ಟಿತು. ಬರೀ ಬಂಡೆಗಲ್ಲಿನ ಮೇಲೆ ಅದು ಉರುಳುತ್ತಲೇ ಹೋಗಿ ದೂರದ ಮರಕ್ಕೆ ಬಡಿಯಿತು. ಅದೇ ದಿಬ್ಬದಿಂದ ಹುಲ್ಲಿನ ಮೇಲೆ ಬಿಟ್ಟಾಗ ಅರ್ಧ ದಾರಿಯಲ್ಲಿ ನಿಂತಿತು. ಹಳ್ಳದ ಮರಳಿನ ಮೇಲೆ ಬಿಟ್ಟಾಗ ಎರಡೇ ಗೇಣು ಹೋಗಿ ಹೂತುಕೊಂಡಿತು.

"ನೋಡಿದೆಯಾ? ಹೊರಟದ್ದು ತಾನಾಗಿ ನಿಲ್ಲುವುದಿಲ್ಲ. ಏನಾದರೂ ಹಿಡಿದು ಎಳೆಯಬೇಕು. ಮರಳು ಚೆನ್ನಾಗಿ ಹಿಡಿಯುತ್ತದೆ."

"ಬೇಲದ ಕಾಯಿಗೆ ಎರಡು ಗೇಣು ಸರಿ," ಎಂದಿತು ಮೊಲ. "ಆ ಬಂಡೆಗೆ?"

ಅಜ್ಜ ಒಂದು ದಪ್ಪ ಗುಂಡುಕಲ್ಲನ್ನು ಅದೇ ದಿಬ್ಬದಿಂದ ಬಿಟ್ಟಿತು. ಅದು ಮರಳನ್ನು ಸೀಳಿಕೊಂಡು ಎಂಟು ಗೇಣು ಹೋಯಿತು.

"ಭಾರ ಹೆಚ್ಚಿದಷ್ಟೂ ನಿಲ್ಲಿಸುವುದು ಕಷ್ಟ," ಎಂದಿತು ಅಜ್ಜ. "ಆ ಬಂಡೆಗೆ ಎಷ್ಟು ಮರಳು ಬೇಕೋ ನನಗೆ ಗೊತ್ತಿಲ್ಲ. ಆದಷ್ಟು ಹಾಕೋಣ."

ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಹಿರಿಯರು ಎಷ್ಟು ಜನ ಸಿಗುತ್ತಾರೆ ಹೇಳಿ! ಆದರೆ ಆ ಮಾತಿನಿಂದ ಮೊಲಕ್ಕೆ ಸಮಾಧಾನವೇನೂ ಆಗಲಿಲ್ಲ. ಎಲ್ಲರೂ ಹಳ್ಳದ ಮರಳನ್ನು ಅಗೆದರು, ಹಿಂಗಾಲಲ್ಲಿ ಒದ್ದು ಒದ್ದು ಗುಡ್ಡದ ಬುಡಕ್ಕೆ ತಂದರು. ನರಿ ಮೇಲಿನಿಂದ ನೋಡಿ ನಕ್ಕಿತು.

"ಏನ್ರಪ್ಪಾ, ಮಕ್ಕಳಾಟ ಶುರುವಾಯಿತೇ?"

ಮೂರನೆಯ ದಿನ ಬಂತು. ಮರಳಿನ ಹಾಸು ಪೊದೆಯಿಂದ ಹತ್ತು ಮಾರು ದೂರದವರೆಗೆ ಹರಡಿತ್ತು. ಸಾಕೋ ಸಾಲದೋ ಯಾರಿಗೂ ತಿಳಿಯದು. ಮೊಲ ಮರಿಗಳನ್ನು ಹೊಟ್ಟೆಯಡಿ ಒತ್ತಿಕೊಂಡು ಕೂತಿತ್ತು.

"ಎಲ್ಲಿ ನನ್ನ ಪಾಲು?" ಎಂದು ನರಿ ಕೂಗಿತು.

"ಕೊಡುವುದಿಲ್ಲ!" ಎಂದಿತು ಮೊಲ. ಅದರ ದನಿ ನಡುಗುತ್ತಿತ್ತು. ಆದರೂ ಮತ್ತೊಮ್ಮೆ ಹೇಳಿತು, "ಒಂದು ಮರಿಯನ್ನೂ ಕೊಡುವುದಿಲ್ಲ!"

ನರಿಗೆ ಪೇಚಾಟ. ನಿಜ ಹೇಳಬೇಕೆಂದರೆ ಬಂಡೆಯನ್ನು ಉರುಳಿಸುವುದು ಅದಕ್ಕೂ ಬೇಡವಾಗಿತ್ತು. ಬಂಡೆ ಹೋದರೆ ಪಾಲೂ ಹೋಯಿತು. ಅದು ಲೆಕ್ಕ ಹಾಕಿತು: 'ಕಲ್ಲನ್ನು ಚೂರು ಸರಿಸುತ್ತೇನೆ. ಬಂಡೆ ಒಂದು ಸುತ್ತು ಉರುಳಲಿ. ಇವರು ಹೆದರಿ ಸಾಯಲಿ. ತಕ್ಷಣ ಕಲ್ಲನ್ನು ಮತ್ತೆ ಅಡ್ಡ ಇಡುತ್ತೇನೆ. ಇಷ್ಟು ವರ್ಷ ತಡೆದ ಕಲ್ಲು ಈಗ ತಡೆಯದೇ?'

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಬುದ್ಧಿ ಅದು. ನರಿ ಪಕ್ಕದಲ್ಲಿ ನಿಂತು ಮಣ್ಣು ಕೆದರಿ ಕಲ್ಲನ್ನು ಎಳೆಯಿತು. ಬಂಡೆ ಅಲ್ಲಾಡಿತೋ ಇಲ್ಲವೋ ಎನ್ನುವಷ್ಟು ನಿಧಾನವಾಗಿ ಹೊರಟಿತು. ನರಿ ಕಲ್ಲನ್ನು ಬಾಯಲ್ಲಿ ಕಚ್ಚಿ ಮುಂದೆ ಓಡಿ ದಾರಿಯಲ್ಲಿ ಇಟ್ಟಿತು.

ಬಂಡೆ ಅದನ್ನು ಹತ್ತಿ ಇಳಿಯಿತು. ಸುಮ್ಮನೆ ನಿಂತ ಬಂಡೆಯನ್ನು ತಡೆದ ಕಲ್ಲು ಅದು. ಉರುಳುವ ಬಂಡೆಗೆ ಅದು ಯಾವ ಲೆಕ್ಕ?

"ಅಯ್ಯೋ, ನಿಲ್ಲು! ನಿಲ್ಲು!" ಎಂದಿತು ನರಿ. ಬಂಡೆಗೆ ಕಿವಿ ಇರಲಿಲ್ಲ. ಅದರ ವೇಗ ಹೆಚ್ಚಿತು. ನರಿ ಕಾಲಿಗೆ ಬುದ್ಧಿ ಹೇಳಿತು. ಮುಂದೆ ನರಿ, ಹಿಂದೆ ಬಂಡೆ, ಇಳಿಜಾರಿನಲ್ಲಿ ಎರಡಕ್ಕೂ ಓಟವೋ ಓಟ. ಅರ್ಧ ದಾರಿಯಲ್ಲಿ ನರಿ ಪಕ್ಕಕ್ಕೆ ತಿರುಗಲು ಕಾಲು ಊರಿತು. ಕಾಲು ನಿಂತವು, ಮೈ ನಿಲ್ಲಲಿಲ್ಲ! ಅದು ಲಾಗ ಹೊಡೆದು ಅಡ್ಡಡ್ಡ ಉರುಳಿ ಪಾಪಾಸುಕಳ್ಳಿಯ ಮೆಳೆಯಲ್ಲಿ ಬಿತ್ತು. ಬಂಡೆ ಅದರ ಬಾಲದ ತುದಿಯನ್ನು ಜಜ್ಜಿಕೊಂಡು ಕೆಳಗೆ ಹೋಯಿತು.

ಮೊಲ ಕಣ್ಣು ಮುಚ್ಚಿತು. ನೆಲ ಗಡಗಡ ನಡುಗಿತು. ಮರಳಿಗೆ ಬಂದ ಬಂಡೆ ಆಳವಾಗಿ ಉಳುತ್ತಾ ನುಗ್ಗಿತು. ಐದು ಮಾರು, ಏಳು ಮಾರು, ಒಂಬತ್ತೂವರೆ ಮಾರು. ಆಮೇಲೆ ಸದ್ದಿಲ್ಲ. ಮೊಲ ಕಣ್ಣು ತೆರೆದಾಗ ಬಂಡೆ ಪೊದೆಯ ಮುಂದೆ ನಿಂತಿತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಮೊಲ ಮರಿಗಳನ್ನು ಒಂದು, ಎರಡು, ಮೂರು, ನಾಲ್ಕು ಎಂದು ಮೂಸಿ ನೋಡಿ ಜೋರಾಗಿ ಅತ್ತುಬಿಟ್ಟಿತು.

ಮಾರನೆಯ ದಿನ ನರಿ ಕುಂಟುತ್ತಾ ಬಂತು. ಮೈತುಂಬ ಮುಳ್ಳು, ಆದರೂ ನಾಚಿಕೆಯಿಲ್ಲ.

"ಇಷ್ಟು ದಿನ ಕಾದಿದ್ದೇನೆ. ನನ್ನ ಪಾಲು ಕೊಡಿ."

ಮೊಲ ಪೊದೆಯಿಂದ ಹೊರಗೆ ಬಂತು. ಈಗ ಅದರ ದನಿ ನಡುಗಲಿಲ್ಲ.

"ಬಂಡೆ ಇಲ್ಲೇ ಇದೆ ನರಿಯಣ್ಣ. ಮೊದಲು ಇದನ್ನು ಗುಡ್ಡದ ಮೇಲಕ್ಕೆ ತಳ್ಳಿಕೊಂಡು ಹೋಗು. ಆಮೇಲೆ ಪಾಲಿನ ಮಾತು."

ನರಿ ಹೆಗಲು ಕೊಟ್ಟು ತಳ್ಳಿತು. ಏದುಸಿರು ಬಿಟ್ಟು ತಳ್ಳಿತು. ಬಂಡೆ ಕೂದಲೆಳೆಯಷ್ಟೂ ಸರಿಯಲಿಲ್ಲ. ಮೊಲದ ನಾಲ್ಕು ಮರಿಗಳು ಕಣ್ಣರಳಿಸಿ ನೋಡುತ್ತಿದ್ದವು. ನರಿ ಮೊಂಡು ಬಾಲವನ್ನು ಮುದುರಿಕೊಂಡು ಬೇರೆ ಕಾಡಿನ ದಾರಿ ಹಿಡಿಯಿತು.

ನೀತಿ: ನಿಂತದ್ದನ್ನು ತಡೆಯಲು ಪುಟ್ಟ ಕಲ್ಲು ಸಾಕು, ಹೊರಟದ್ದನ್ನು ತಡೆಯಲು ಅದು ಸಾಲದು. ಬೇರೆಯವರನ್ನು ಹೆದರಿಸಲು ಅಪಾಯವನ್ನು ಕೆಣಕುವವನು ಮೊದಲು ತಾನೇ ಅದರ ದಾರಿಗೆ ಸಿಕ್ಕುತ್ತಾನೆ.